ಮಾಲಕಿ ಹೆಸರು ಹೇಳ್ರಿ

ಟ್ಯಾಕ್ಸಿ ಹೊಡ್ಯಾವನ ಮುಂದ ದಿನಾ ಒಂದು ತಮಾಷಿ ಕೈ ಮಾಡಿ ಗಾಡಿ ನಿಂದರಸ್ತೈತಿ. ನಾ ಕರಿಯಂಗಿಲ್ಲ. ಅದ ಬಂದು ಹತ್ತಿ ಕುಂದರತೈತಿ. ಇಳಿ ಅಂದ್ರ ಇಳಿಯಂಗಿಲ್ಲ.

ನಂದು ಕುಷ್ಟಗಿ ಕಡಿ ಊರು. ಹೈದರಾಬಾದಿಗೆ ಗಾರೆ ಕೆಲಸಕ್ಕ ಬಂದೆ. ಆಮ್ಯಾಲೆ ಡ್ರೈವಿಂಗ್ ಕಲತೆ. ಹೆಣ್ಣುಮಕ್ಕಳ ಸಂಘದ ಕಡಿಂದ ಒಂದು ಟ್ಯಾಕ್ಸಿ ಸಿಕ್ತು. ಸಂಘದಾಗ ಇದ್ದಾಕಿ ನಮ್ಮಾಕಿ. ಅಂದ್ರ ನನ್ನ ಹೆಂಡತಿ. ಅದಕ್ಕ ಗಾಡಿ ಆಕಿ ಹೆಸರಿಗೆ. ಪರ್ಮಿಟ್ಟೂ ಆಕಿ ಹೆಸರಿಗೆ. ಸ್ಟೇರಿಂಗ್ ಅಷ್ಟ ನಂದು.

ಈಗ ನಮ್ಮಾಕಿ ಇಲ್ಲ. ತೀರಿಕೊಂಡ್ಲು. ಮಾಲಕರು ತೀರಿಕೊಂಡ್ರ ಪರ್ಮಿಟ್ ಸ್ವಲ್ಪ ದಿನ ಅಷ್ಟ ನಡೀತೈತಿ. ಅಷ್ಟರಾಗ ಮನಿಯವರ ಹೆಸರಿಗೆ ಮಾಡಸಬೇಕು. ಇಲ್ಲಂದ್ರ ಗಾಡಿ ಮನಿ ಮುಂದ ನಿಂದರತೈತಿ. ಗಾಡಿ ನಿಂತ್ರ ನಾನೂ ನಿಂತಂಗ. ಒಬ್ಬನ ಕುಂತು ಗ್ವಾಡಿ ನೋಡೂದು ನನ್ನ ಕೈಲೆ ಆಗಂಗಿಲ್ಲ. ಅದಕ್ಕ ಪರ್ಮಿಟ್ ಬದ್ಲಿ ಮಾಡಸಾಕ ಹೊಂಟೆ. ಅವಾಗ ಆದ ತಮಾಷಿ ಇವು. ಮೊದಲನೇದು ಅಷ್ಟ ಹಳೇದು. ಅದರಾಗ ನಮ್ಮಾಕಿ ಅದಾಳ. ಅದಕ್ಕ ಅದು ಮೊದಲು.

೧. ಮಾಲಕಿ ಹಿಂದ, ಆಳು ಮುಂದ

ಗಾಡಿ ಹೊಸದು. ಬೇಗಂ ಬಜಾರಿಗೆ ಸಂತಿಗೆ ಹೋಗಿದ್ವಿ. ಬರೋ ಮುಂದ ನಮ್ಮಾಕಿ ಹಿಂದಿನ ಸೀಟಿನಾಗ ಕುಂತ್ಲು. ಬಾಜೂಕ ಬ್ಯಾಳಿ ಚೀಲ, ಕಾರದಪುಡಿ ಚೀಲ.

"ಮುಂದ ಬಾರ" ಅಂದೆ.

"ಮಾಲಕರು ಎಲ್ಲೆರ ಮುಂದ ಕುಂದರತಾರೇನ್ರಿ?" ಅಂದ್ಲು.

ಸಿಗ್ನಲ್ಲಿನಾಗ ಪೋಲೀಸಪ್ಪ ಗಾಡಿ ಹಿಡದ. ಕಾಗದ ನೋಡಿದ. ಅವಂದು ತೆಲುಗು. ನಾ ನಮ್ಮ ಮಾತಿನಾಗ ಹೇಳ್ತೀನಿ, ಮುಂದ ಬರೋರದೂ ಹಂಗ.

"ಮಾಲಕರು ಎಲ್ಲಿ?"

"ಹಿಂದ ಕುಂತಾರ್ರಿ."

ಅವ ಹಿಂದಿನ ಕಿಟಕ್ಯಾಗ ಬಗ್ಗಿದ. "ಅಮ್ಮಾ, ನಿನ್ನ ಡ್ರೈವರ್ ಹೆಸರೇನು?"

ನಮ್ಮಾಕಿ ಸೆರಗು ಬಾಯಿಗೆ ಹಿಡಕೊಂಡ್ಲು. ನಮ್ಮ ಕಡಿ ಗಂಡ ಹೆಂಡತಿ ಒಬ್ಬರ ಹೆಸರು ಒಬ್ಬರು ಹೇಳಂಗಿಲ್ಲ. ಹೇಳಲೇಬೇಕಾದ್ರ ಒಡಪು ಹಾಕಬೇಕು. ಅಂದ್ರ ಎರಡು ಸಾಲು ಪದಾ ಕಟ್ಟಿ, ಕೊನಿಗೆ ಹೆಸರು ಸೇರಸಬೇಕು. ಅದು ಮದಿವ್ಯಾಗ, ಕುಬಸದಾಗ ಛಂದ. ಸಿಗ್ನಲ್ಲಿನಾಗ ಯಾರು ಹಾಕ್ತಾರ?

ಪೋಲೀಸಪ್ಪಗ ಗುಮಾನಿ ಬಂತು. "ಮಾಲಕಿಗೆ ಡ್ರೈವರ್ ಹೆಸರ ಗೊತ್ತಿಲ್ಲ! ಗಾಡಿ ಯಾರದು ಖರೇ ಹೇಳ್ರಿ."

ನಮ್ಮಾಕಿ ಬಟ್ಟು ಮುಂದ ಮಾಡಿದ್ಲು. ಸ್ಟೇರಿಂಗ್ ಮುಂದ ಹನುಮಪ್ಪನ ಸಣ್ಣ ಮೂರ್ತಿ ಇತ್ತು. "ಅಲ್ಲಿ ನಿಂತಾರಲ್ರಿ, ಅವರ ಹೆಸರ."

"ಆಂಜನೇಯಸ್ವಾಮಿ ನಿನ್ನ ಡ್ರೈವರಾ?"

"ಹೌದ್ರಿ."

"ಪಗಾರ?"

"ಎರಡು ಹೊತ್ತು ರೊಟ್ಟಿ."

"ರಜಾ?"

"ಕೇಳೇ ಇಲ್ರಿ ಪಾಪ."

"ಯಾವಾಗಿಂದ ಕೆಲಸಕ್ಕ ಅದಾನ?"

"ತಾಳಿ ಕಟ್ಟಿದಾಗಿಂದ."

ಪೋಲೀಸಪ್ಪ ನನ್ನ ನೋಡಿದ. ಹನುಮಪ್ಪನ್ನ ನೋಡಿದ. ಕೈ ಮುಗದು ಬಿಟ್ಟ. ಯಾರಿಗೆ ಮುಗದ ಅಂತ ನನಗ ಇವತ್ತಿಗೂ ತಿಳಿದಿಲ್ಲ.

ಮನಿಗೆ ಬಂದು ನಮ್ಮಾಕಿ ಕೇಳಿದ್ಲು. "ನಾನಂತೂ ದೇವರನ್ನ ತೋರಿಸಿ ಪಾರಾದೆ. ನನ್ನ ಹೆಸರು ಕೇಳಿದ್ರ ನೀವು ಏನು ತೋರಸ್ತೀರಿ?"

"ನಿನ್ನ ಹೆಸರು ನನಗ ಯಾರು ಕೇಳ್ತಾರ ಬಿಡ" ಅಂದೆ.

"ಕೇಳಿದ್ರ ಒಡಪು ಹಾಕ್ರಿ ಮತ್ತ. ಮದಿವ್ಯಾಗೂ ಹಾಕಲಿಲ್ಲ ನೀವು."

ಹಾಕಿದ್ದಿಲ್ಲ, ಖರೇ. ಅವತ್ತು ನಾ ಬೆವರಿದ್ದು ನೋಡಿ ನಮ್ಮ ಅತ್ತಿಯವರ ನನಗ ಗಾಳಿ ಹಾಕಿದ್ರು.

೨. ಮ್ಯಾಲಿನ ಮಾಳಿಗಿ

ಆರ್‌ಟಿಓ ಆಫೀಸಿನ ಹೊರಗ ಏಜೆಂಟರು ಕುಂತಿರತಾರ. ದೊಡ್ಡ ಛತ್ರಿ, ಪ್ಲಾಸ್ಟಿಕ್ ಕುರ್ಚಿ. ಒಬ್ಬ ನನ್ನ ನೋಡಿ ಕೂಗಿದ. "ಕ್ಯಾ ಹೋನಾ ಚಾಚಾ?" ಏನು ಬೇಕು ಕಾಕಾ ಅಂತ.

"ಗಾಡಿ ನನ್ನ ಹೆಸರಿಗೆ ಆಗಬೇಕಪಾ. ಈಗ ಹೆಂಡತಿ ಹೆಸರಿಗೈತಿ."

"ಅಷ್ಟೇನಾ? ಚಾಚೀನ ಕರೀರಿ. ಒಂದು ಸಹಿ ಹಾಕಲಿ. ಮುಗೀತು."

"ಆಕಿ ಇಲ್ಲ."

"ಊರಿಗೆ ಹೋಗ್ಯಾರೇನು?"

"ಊರಿಗಲ್ಲ."

"ಮತ್ತ ಎಲ್ಲಿಗೆ?"

ತೀರಿಕೊಂಡ್ಲು ಅನ್ನೂ ಮಾತು ನನಗ ಇನ್ನೂ ಹೊಸದು. ಬಟ್ಟು ಮ್ಯಾಲೆ ಮಾಡಿದೆ.

ಅವ ಮ್ಯಾಲೆ ನೋಡಿದ. "ಅರೇ! ಮ್ಯಾಲಿನ ಮಾಳಿಗ್ಯಾಗ ಲೈಸೆನ್ಸ್ ಸೆಕ್ಷನ್ ಐತಿ. ಚಾಚಿ ತಪ್ಪಿ ಹೋಗ್ಯಾರ. ನೀವು ಕುಂದರ್ರಿ, ನಾ ಕರಕೊಂಡು ಬರ್ತೀನಿ."

ನಾ ಬ್ಯಾಡ ಅನ್ನೋದ್ರಾಗ ಮೆಟ್ಟಲ ಹತ್ತೇಬಿಟ್ಟ. ನನ್ನನ್ನ ತನ್ನ ಕುರ್ಚಿ ಮ್ಯಾಲೆ ಕುಂದರಿಸಿ ಹೋಗಿದ್ದ. ಅಷ್ಟರಾಗ ಇಬ್ಬರು ಬಂದು ನನಗ ಕೇಳಿದ್ರು, ಲರ್ನಿಂಗ್ ಲೈಸೆನ್ಸಿಗೆ ಏನೇನು ಬೇಕು ಅಂತ.

ಅವ ತಿರುಗಿ ಬಂದ. ಮೈಯೆಲ್ಲ ಬೆವರು. "ಸಿಗಲಿಲ್ಲ ಚಾಚಾ. ಮ್ಯಾಲೆ ಭಾಳ ಮಂದಿ ಅದಾರ."

"ಹೌದಪಾ" ಅಂದೆ. "ಮ್ಯಾಲೆ ಭಾಳ ಮಂದಿ ಅದಾರ."

೩. ಶ್ರೀಮತಿ

ಖರೇ ಸಂಗತಿ ತಿಳದ ಮ್ಯಾಲೆ ಏಜೆಂಟ್ ಚಾ ತರಿಸಿದ. ಕಿವಿ ಹಿಡಕೊಂಡು ಮಾಫಿ ಕೇಳಿದ. ಮೊದಲು ಮನಿ ಮಂದಿಯ ಸರ್ಟಿಫಿಕೇಟ್ ಮಾಡಸಬೇಕು ಅಂತ ದಾರೀನೂ ಹೇಳಿಕೊಟ್ಟ. ಸತ್ತವರು ಯಾರು, ಉಳದವರು ಯಾರು ಅಂತ ಅದರಾಗ ಇರತೈತಿ.

ಅರ್ಜಿ ಸೆಂಟರಿಗೆ ಮಗಳನ್ನ ಕರಕೊಂಡು ಹೋದೆ. ನಮಗ ಒಬ್ಬಾಕಿ ಮಗಳು. ಇದ ಊರಾಗ ತಾರ್ನಾಕಕ್ಕ ಕೊಟ್ಟೇವಿ. ಬಟ್ಟಿ ಹೊಲಿಯೋ ಅಂಗಡಿ ಇಟ್ಟಾಳ. ಅವ್ವ ಹೋದಾಗಿಂದ ಆಕಿ ಮಾತು ಕಡಿಮಿ ಮಾಡಿದ್ಲು. ನನಗ ಮೊದಲ ಮಾತಿಲ್ಲ. ಇಬ್ಬರೂ ಕೂಡಿದ್ರ ಗಾಡ್ಯಾಗ ಇಂಡಿಕೇಟರ್ ಸಪ್ಪಳ ಒಂದ ಕೇಳತಿತ್ತು.

ಮಗಳು ಕಾಗದ ತಗೊಂಡು ಝೆರಾಕ್ಸಿಗೆ ಹೋದ್ಲು. ಅಷ್ಟರಾಗ ನನ್ನ ಪಾಳಿ ಬಂತು. ಕಂಪ್ಯೂಟರಿನ ಮುಂದ ಒಬ್ಬಾಕಿ ತೆಲುಗು ಹೆಣ್ಣುಮಗಳು. ತೀರಿಕೊಂಡವರ ಹೆಸರೇನು ಅಂತ ಕೇಳಿದ್ಲು. ನನಗ 'ತೀರಿಕೊಂಡವರು' ಅನ್ನೂದಷ್ಟ ಕೇಳಿಸ್ತು. 'ಹೆಸರು' ಕೇಳಿಸಲಿಲ್ಲ.

"ನಮ್ಮಾಕಿ" ಅಂದೆ.

ಆಕಿ ಟಕ ಟಕ ಬಡದ್ಲು. "ಮಂಚಿ ಪೇರು" ಅಂದ್ಲು. ಒಳ್ಳೇ ಹೆಸರು ಅಂತ.

ಯಾವ ಹೆಸರಿಗೆ ಅಂದ್ಲೋ ತಿಳೀಲಿಲ್ಲ. ಆದ್ರೂ ಒಳ್ಳೇದು ಅಂದ್ಲಲ್ಲ. "ಹೌದ್ರಿ" ಅಂದೆ.

ಸರ್ಟಿಫಿಕೇಟ್ ಕೈಗೆ ಬಂದಾಗ ನಾನು ಮಡಚಿ ಕಿಸೇಕ ಇಟ್ಟೆ. ಅದು ತೆಲುಗು. ಅಕ್ಷರ ನಮ್ಮ ಕನ್ನಡದಂಗ ಕಾಣತಾವ. ಆದ್ರ ನಮ್ಮ ಅಕ್ಷರ ಓದೂದ ನನಗ ತ್ರಾಸ. ಗಾಡ್ಯಾಗ ಮಗಳು ತಗದು ಓದಿದ್ಲು. ಓದಿ ಒಮ್ಮೆಲೇ ಕಿರಿಚಿದ್ಲು.

"ಅಪ್ಪಾ! ಅವ್ವನ ಹೆಸರು ಏನು ಬರಸೀದಿ?"

"ಯಾಕ?"

"ಶ್ರೀಮತಿ ನಮ್ಮಾಕಿ ಅಂತ ಬರದಾರ!"

ಹಂಗಂದು ನಗಾಕ ಹತ್ತಿದ್ಲು. ಹೊಟ್ಟಿ ಹಿಡಕೊಂಡು ನಕ್ಕಳು. ಕಣ್ಣಾಗ ನೀರು ಬಂತು, ಆದ್ರೂ ನಕ್ಕಳು. ಅವ್ವ ಹೋದ ಮ್ಯಾಲೆ ಅದ ಮೊದಲು. ನಾ ಗಾಡಿ ಬಾಜೂಕ ಹಾಕಿ ನಿಂದರಿಸಿದೆ. ನಗಲಿ ಅಂತ.

"ಈಗ ಹೊಳ್ಳಿ ಹೋಗಿ ತಿದ್ದಸೋಣೇನು?" ಅಂತ ಕೇಳಿದ್ಲು.

"ಇವತ್ತ ಬ್ಯಾಡ" ಅಂದೆ. "ತಪ್ಪೇನು ಬರದಾರ ಅದರಾಗ?"

೪. ಬದ್ಲಿ

ನಮ್ಮ ಡ್ರೈವರ್ ಮಂದ್ಯಾಗ ಬದ್ಲಿ ಅಂದ್ರ ಒಂದ ಅರ್ಥ. ಒಬ್ಬರದು ಇನ್ನೊಬ್ಬರಿಗೆ ಆಗೂದು. ಡ್ರೈವರ್ ಬದ್ಲಿ, ಗಾಡಿ ಬದ್ಲಿ, ಪರ್ಮಿಟ್ ಬದ್ಲಿ. ತೆಲುಗಿನಾಗೂ ಬದಿಲೀ ಅಂತಾರ. ಹಿಂಗಾಗಿ ಆರ್‌ಟಿಓ ಆಫೀಸಿನಾಗ ಅರ್ಜಿ ಕೊಟ್ಟು, ದಿನಾ ಹೋಗಿ ಕ್ಲಾರ್ಕ್ ಮೇಡಮ್ಮಿಗೆ ತೆಲುಗಿನಾಗ ಕೇಳತಿದ್ದೆ.

"ಮೇಡಂ, ಬದಿಲೀ ಅಯಿಂದಾ?" ಬದ್ಲಿ ಆತೇನು ಅಂತ.

ಮೊದಲನೇ ದಿನ ಮೇಡಂ "ಇನ್ನೂ ಇಲ್ಲ" ಅಂದ್ರು. ಮಾರನೇ ದಿನ ಮಾರಿ ಸಣ್ಣ ಮಾಡಿ "ಇಲ್ಲ" ಅಂದ್ರು. ಅದರ ಮಾರನೇ ದಿನ ಪೆನ್ನು ಕೆಳಗ ಇಟ್ರು.

"ನಿಮಗ ಯಾರು ಹೇಳಿ ಕಳಸ್ಯಾರ?"

"ಯಾರೂ ಇಲ್ರಿ."

"ದಿನಾ ಬಂದು ಎಲ್ಲಾರ ಮುಂದ ಕೇಳ್ತೀರಲ್ಲ, ನನ್ನ ಬದಿಲೀ ಆದ್ರ ನಿಮಗೇನು ಲಾಭ? ನಾ ಇಲ್ಲಿರೂದು ನಿಮಗ ಅಷ್ಟು ಭಾರ ಆಗೇತೇನು?"

ನನಗ ನೆಲಾ ಬಾಯಿ ತೆರೀಬಾರದಾ ಅನಿಸ್ತು. ಆಫೀಸಿನವರ ಭಾಷಾದಾಗ ಬದಿಲೀ ಅಂದ್ರ ನೌಕರಿ ವರ್ಗ. ಮೇಡಂ ಮನಿ ಪಟಾನ್‌ಚೆರು ಕಡಿ. ದಿನಾ ಬಸ್ಸಿನಾಗ ನಿಂತು ಬರೋರು. ಮನಿ ಹತ್ತಿರದ ಆಫೀಸಿಗೆ ವರ್ಗ ಕೇಳಿ ಕಾಯಾಕತ್ತಿದ್ರು. ಅದನ್ನ ಯಾರಿಗೂ ಹೇಳಿದ್ದಿಲ್ಲಂತ. ನಾ ಇಡೀ ಹಾಲಿಗೆ ಸಾರಿಬಿಟ್ಟಿದ್ದೆ.

"ನಿಮ್ಮದಲ್ರಿ ಮೇಡಂ! ಗಾಡಿದು! ನಮ್ಮಾಕಿಯಿಂದ ನನಗ!"

ಬಾಜೂಕಿನ ಟೇಬಲಿನವರು ನಕ್ರು. ಮೇಡಮ್ಮೂ ನಕ್ರು. "ಹೋಗ್ಲಿ. ನಂದಂತೂ ಆಗೂದು ಕಾಣವಲ್ದು. ನಿಮ್ದನರ ಮಾಡೋಣ" ಅಂತ ನನ್ನ ಕಾಗದ ತಗದ್ರು.

ತಗದು ಹುಬ್ಬು ಗಂಟು ಹಾಕಿದ್ರು. ಪರ್ಮಿಟ್ಟಿನಾಗ ಒಂದು ಹೆಸರು. ಸರ್ಟಿಫಿಕೇಟಿನಾಗ ನಮ್ಮಾಕಿ. ನಾವು ತಿದ್ದಸಿದ್ದಿಲ್ಲ. ಇಂದು ನಾಳೆ ಅಂತ ಉಳದಿತ್ತು.

"ನಿಮಗ ಇಬ್ಬರು ಹೆಂಡಂದಿರೇನು?"

"ಒಬ್ಬಾಕಿರಿ. ಒಬ್ಬಾಕೀನ ಸಾಕಾಗಿದ್ಲು."

"ಕಾಗದದ ಪ್ರಕಾರ ತೀರಿಕೊಂಡಾಕಿ ನಮ್ಮಾಕಿ. ಗಾಡಿ ಮಾಲಕಿ ಬ್ಯಾರೆ. ಅಂದ್ರ ಮಾಲಕಿ ಇನ್ನೂ ಬದುಕ್ಯಾಳ!"

ಆ ಮಾತು ಕೇಳಿ ಒಂದು ಗಳಿಗಿ ನನಗ ಖುಷಿ ಆತು. ಖರೇ ಹೇಳ್ತೀನಿ. ಮೇಡಂ ಅಷ್ಟು ಗಟ್ಟಿಯಾಗಿ ಹೇಳಿದ್ರು.

"ಹಂಗ ಬರದುಕೊಡ್ರಿ ಮೇಡಂ" ಅಂದೆ. "ಮನಿಗೆ ಹೋಗಿ ನೋಡ್ತೀನಿ."

೫. ಫಸ್ಟ್ ಏಡ್

ಹೆಸರಿನ ಗೊಂದಲ ದೊಡ್ಡ ಸಾಹೇಬರ ಮುಂದ ಹೋತು. ಅವರು ನನ್ನ ಕರಸೋತನಕ ಗಾಡಿ ತಪಾಸಣಿ ಮುಗಸೋಣ ಅಂತ ಮೇಡಂ ಅಂದ್ರು. ಗಾಡಿ ಒಯ್ದೆ. ಇನ್‌ಸ್ಪೆಕ್ಟರ್ ಹಾರ್ನ್ ನೋಡಿದ, ಲೈಟ್ ನೋಡಿದ, ವೈಪರ್ ನೋಡಿದ.

"ಫಸ್ಟ್ ಏಡ್ ಡಬ್ಬಿ?"

ಕೊಟ್ಟೆ. ನಾ ಅದನ್ನ ಯಾವತ್ತೂ ತೆಗೆದಿದ್ದಿಲ್ಲ. ಡಬ್ಬಿ ಇಟ್ಟಾಕಿ ನಮ್ಮಾಕಿ. ಅವ ಮುಚ್ಚಳ ತೆಗೆದ. ಒಳಗ ಹತ್ತಿ ಇಲ್ಲ, ಪಟ್ಟಿ ಇಲ್ಲ. ಒಂದು ಪ್ಯಾಕೆಟ್ ಶೇಂಗಾ ಚಟ್ನಿಪುಡಿ. ಬಾಯಿಗೆ ರಬ್ಬರ್ ಬ್ಯಾಂಡ್ ಸುತ್ತಿತ್ತು.

"ಇದೇನು?"

ನನಗ ಗಾಬರಿ ಆತು. ಬಾಯಿಗೆ ಬಂದದ್ದು ಹೇಳಿದೆ. "ಔಷಧ ಐತ್ರಿ. ಒಂದು ಚಿಟಿಗಿ ನಾಲಿಗ್ಯಾಗ ಇಟ್ರ ಸತ್ತಾವ ಎದ್ದು ಕುಂದರತಾನ."

ಅಂದ ಮ್ಯಾಲೆ ನಾನ ಹಿಂದಿನ ಸೀಟಿನ ಕಡಿ ನೋಡಿದೆ.

ಅವ ಒಂದು ಚಿಟಿಗಿ ಬಾಯಾಗ ಹಾಕ್ಕೊಂಡ. ಇನ್ನೊಂದು ಚಿಟಿಗಿ ಹಾಕ್ಕೊಂಡ. ಹಣಿ ಮ್ಯಾಲೆ ಬೆವರು ಬಂತು. ಮೂಗು ಒರಸಿಕೊಂಡ. ಆಮ್ಯಾಲೆ ಖಾಕಿ ಪ್ಯಾಂಟಿನ ಕಿಸೇದಾಗಿಂದ ಕರವಸ್ತ್ರ ತಗದು ಹಾಸಿದ.

"ನಾಳೆ ಹತ್ತಿ, ಪಟ್ಟಿ, ಟಿಂಚರ್ ತಂದು ತೋರಸ್ರಿ. ಅಲ್ಲೀತನಕ ಈ ಔಷಧ ಅರ್ಧ ನಮ್ಮ ಇಲಾಖೆಯ ಕಡಿ ಇರಲಿ."

೬. ಸಾಹೇಬರ ಮುಂದ

ಸಾಹೇಬರಿಂದ ಕರಿ ಬಂತು. ಪರ್ಮಿಟ್ಟಿನ ಗಡುವು ಮುಗಿಯಾಕ ಬಂದಿತ್ತು. ಇವತ್ತು ಆಗದಿದ್ರ ಗಾಡಿ ನಿಂದರೂದ. ಮಗಳೂ ಬಂದ್ಲು. ಏಜೆಂಟೂ ಬಂದ. ಅವಗೇನೂ ಕೆಲಸ ಇಲ್ಲ. ಚಾಚಾಂದು ಏನಾಗತೈತಿ ನೋಡೋಣ ಅಂತ ಬಾಗಲದಾಗ ನಿಂತ.

ಸಾಹೇಬರು ಕಾಗದ ನೋಡಿದ್ರು. "ಈ ನಮ್ಮಾಕಿ ಯಾರು?"

"ನಮ್ಮಾಕೀನ್ರಿ."

"ಅದನ್ನ ಕೇಳಾಕತ್ತೀನಿ. ಯಾರು?"

"ಅದನ್ನ ಹೇಳಾಕತ್ತೀನ್ರಿ. ನಮ್ಮಾಕಿ."

ಮೇಡಂ ನಡುವ ಬಂದು ತಿಳಿಸಿ ಹೇಳಿದ್ರು. ಸಾಹೇಬರು ತಲಿ ತೂಗಿದ್ರು. "ಸರಿ. ಇಬ್ಬರೂ ಒಬ್ಬರ ಅಂತ ನೀವು ಬಾಯಿಲೆ ಹೇಳಬೇಕು. ನಾವು ಬರಕೋತೀವಿ. ಮಾಲಕಿ ಹೆಸರು ಹೇಳ್ರಿ."

ನಾ ಮಗಳ ಮಾರಿ ನೋಡಿದೆ.

"ನಮ್ಮ ಅವ್ವನ ಹೆಸರು" ಅಂತ ಮಗಳು ಬಾಯಿ ತೆಗೆದ್ಲು.

"ನೀನಲ್ಲಮ್ಮಾ. ಅರ್ಜಿ ಯಾರದು? ಅವರ ಹೇಳಬೇಕು." ಸಾಹೇಬರು ನನ್ನ ಕಡಿ ತಿರುಗಿದ್ರು. "ಹೆಂಡತಿ ಹೆಸರು ಗೊತ್ತಿಲ್ಲೇನು ನಿಮಗ?"

ಸಿಗ್ನಲ್ಲಿನ ಪೋಲೀಸಪ್ಪನ ಮಾತೇ. 'ನೀವು ಏನು ತೋರಸ್ತೀರಿ' ಅಂತ ಆಕಿ ಕೇಳಿದ್ದೂ ನೆನಪಾತು. ನಾನೂ ಸುತ್ತ ನೋಡಿದೆ. ಸಾಹೇಬರ ಪೆನ್ನು ಕಂಡಿತು. ಅದನ್ನ ತೋರಿಸಿದೆ.

"ಪೆನ್ನು ಬೇಕೇನು?"

"ಇಲ್ರಿ. ಹೆಸರು."

"ಪೆನ್ನಮ್ಮಾ?" ಅಂದ್ರು ಸಾಹೇಬರು.

ಅಲ್ಲ ಅಂತ ತಲಿ ಅಲ್ಲಾಡಿಸಿದೆ. ಪೆನ್ನು ಗೀಚಿದ್ದು ತೋರಿಸಿದೆ.

"ಇಂಕಮ್ಮ?" ಅಂದ್ರು ಮೇಡಂ.

ಅದೂ ಅಲ್ಲ. ಕಿಟಕ್ಯಾಗಿಂದ ಮ್ಯಾಲೆ ಆಕಾಶ ತೋರಿಸಿದೆ. ಅವತ್ತು ಮೋಡ ಇದ್ದಿಲ್ಲ. ಭಾಳ ಛಂದ ಇತ್ತು.

ಬಾಗಲದಾಗಿಂದ ಏಜೆಂಟ್ ಕೂಗಿದ. "ಸಾಬ್, ಮ್ಯಾಲೆ ಹುಡುಕಬ್ಯಾಡ್ರಿ! ನಾ ಹೋಗಿ ನೋಡಿ ಬಂದೀನಿ!"

ಹಾಲೆಲ್ಲ ನಕ್ಕಿತು. ಸಾಹೇಬರು ಅಷ್ಟ ನಗಲಿಲ್ಲ. ಗಡಿಯಾರ ನೋಡಿದ್ರು. ಕಾಗದ ಮಡಚಾಕ ಹತ್ತಿದ್ರು. ಮಡಚಿದ್ರ ಮುಗೀತು. ನಾ ಕಣ್ಣು ಮುಚ್ಚಿದೆ. ಎಲ್ಲಿಂದ ಬಂತೋ ಬಂತು. ಗಟ್ಟಿಯಾಗಿ ಅಂದೆ.

"ಚಾರ್‌ಮಿನಾರ್ ಬಾಜೂಕ ಬಳಿ ಬಜಾರ,
ಮಾಲಕಿ ಇಲ್ಲದ ಗಾಡಿ ಭಾಳ ಬ್ಯಾಸರ,
ಪರ್ಮಿಟ್ ಬದ್ಲಿ ಆದ್ರೂ ನನಗ
ನೀಲಮ್ಮನ ಹೆಸರ ಆಸರ."

ಕಣ್ಣು ತೆಗೆದೆ. ಮಗಳು ನನ್ನ ತೋಳು ಹಿಡಕೊಂಡಿದ್ಲು. ನೀಲಿ ಪೆನ್ನು, ನೀಲಿ ಆಕಾಶ ಈಗ ಮೇಡಮ್ಮಿಗೆ ತಿಳೀತು. ಮಗಳು ಒಡಪಿನ ಅರ್ಥ ಸಾಹೇಬರಿಗೆ ತೆಲುಗಿನಾಗ ಹೇಳಿದ್ಲು. ಮದಿವ್ಯಾಗ ಹೇಳಬೇಕಾದದ್ದು ಈಗ ಹೇಳ್ಯಾರ ಅಂತನೂ ಸೇರಿಸಿದ್ಲು.

ಸಾಹೇಬರು ಮಡಚಿದ ಕಾಗದ ಬಿಚ್ಚಿದ್ರು. ಪೆನ್ನು ತಗದ್ರು. "ಇನ್ನೊಮ್ಮೆ ಹೇಳ್ರಿ. ಸಾವಕಾಶ. ನಾ ಬರಕೋಬೇಕು."

"ಸಾರ್, ಹೆಸರು ಅಷ್ಟ ಸಾಕಲ್ಲ" ಅಂದ್ರು ಮೇಡಂ. "ಪೂರಾ ಪದಾ ಅರ್ಜಿಗೆ ಬೇಕೇನು?"

"ಅರ್ಜಿಗಲ್ಲಮ್ಮಾ" ಅಂದ್ರು ಸಾಹೇಬರು. "ಇವತ್ತು ನನ್ನ ಮದಿವಿ ದಿನ. ಮುಂಜಾನೆ ಮರತು ಬಂದೀನಿ. ಸಂಜಿಗೆ ಮನಿಗೆ ಹ್ಯಾಂಗ ಹೋಗ್ಲಿ?"

೭. ಹಿಂದಿನ ಗ್ಲಾಸು

ಪರ್ಮಿಟ್ ಬಂತು. ತರಾಕ ಹೋದಾಗ ಮೇಡಮ್ಮಿನ ಕುರ್ಚ್ಯಾಗ ಬ್ಯಾರೆಯವರು ಕುಂತಿದ್ರು. ಪಟಾನ್‌ಚೆರು ಕಡಿ ವರ್ಗ ಆತಂತ. ಹೋಗೋ ಮುಂದ ನನ್ನ ಕಾಗದ ಮುಗಿಸಿ ಹೋಗಿದ್ರು. ಇಬ್ಬರದೂ ಬದ್ಲಿ ಆತು.

ಮಾಲಕನ ಜಾಗಾದಾಗ ನನ್ನ ಹೆಸರು. ಮೊದಲಿನ ಮಾಲಕಿ ಹೆಸರನ್ನ ಸಾಹೇಬರು ತಮ್ಮ ಕಾಗದದಾಗ ಹಿಂಗ ಬರಸ್ಯಾರ: ನೀಲಮ್ಮ ಉರ್ಫ್ ನಮ್ಮಾಕಿ. ಸಿಕ್ಕಾ ಹೊಡದಾರ. ಇನ್ನು ಆಕಿ ನಮ್ಮಾಕಿ ಅಲ್ಲ ಅಂತ ಯಾರೂ ಅನ್ನಂಗಿಲ್ಲ.

ಗಾಡಿ ಬಾಗಲಾ ಮ್ಯಾಲೆ ಮಾಲಕನ ಹೆಸರು ಬರಸಬೇಕು. ಪೇಂಟರ್ ಆಕಿ ಹೆಸರು ಕೆರದು ನಂದು ಬರದ. ನಾ ಬ್ಯಾರೆ ಕಡಿ ಮಾರಿ ಮಾಡಿ ನಿಂತಿದ್ದೆ. ಮುಗದ ಮ್ಯಾಲೆ ಅವನ ಕೇಳಿದ. "ಹಿಂದಿನ ಗ್ಲಾಸಿಗೆ ಏನು ಬರೀಲಿ? ಎಲ್ಲಾರೂ ಏನರ ಬರಸ್ತಾರ."

ಮಗಳ ಹೇಳಿದ್ಲು. ಅವ ತೆಲುಗಿನಾಗ ದಪ್ಪ ಅಕ್ಷರದಾಗ ಬರದ. ನಮ್ಮಾಕಿ.

ಮೊನ್ನೆ ಮಗಳನ್ನ ತಾರ್ನಾಕಕ್ಕ ಬಿಡಾಕ ಹೊಂಟಿದ್ದೆ. ಹಿಂದಿನ ಸೀಟಿನಾಗ ಕುಂತಿದ್ಲು, ಥೇಟ್ ಅವ್ವನಂಗ. ಸಿಗ್ನಲ್ಲಿನಾಗ ಒಬ್ಬ ಹರೇದ ಪೋಲೀಸ್ ಗಾಡಿ ಹಿಡದ. ಕಾಗದ ನೋಡಿದ. ಎಲ್ಲಾ ಬರೋಬ್ಬರಿ ಇತ್ತು. ಹಿಂದಿನ ಗ್ಲಾಸಿಗೆ ಹೋಗಿ ಓದಿದ. ಮತ್ತ ಮುಂದ ಬಂದ.

"ನಮ್ಮಾಕಿ ಅಂದ್ರ ಯಾವ ಕಂಪನಿ? ಜಪಾನ್‌ದೇನು?"

ಇಂಜಿನ್ ಬಂದ್ ಮಾಡಿದೆ. ಹನುಮಪ್ಪನ ಮಾರಿ ನೋಡಿದೆ.

"ಹಳೇ ಕಂಪನಿರಿ ಸಾರ್" ಅಂದೆ. "ಭಾಳ ಗಟ್ಟಿ. ಈಗ ಆ ಮಾಡಲ್ ಬರಂಗಿಲ್ಲ."

ಹಿಂದಿನ ಸೀಟಿನಿಂದ ಮಗಳು ತಲಿ ಹೊರಗ ಹಾಕಿದ್ಲು. "ಸ್ಪೇರ್ ಪಾರ್ಟ್ ಒಂದು ಉಳದೈತ್ರಿ ಸಾರ್. ಇಲ್ಲೇ ಕುಂತೈತಿ ನೋಡ್ರಿ."